ಸೊಪ್ಪು ಬಿಡಿಸುವವರು ಯಾರು?

ಡಿಸೆಂಬರ್ ಕಳೆಯುವ ಹೊತ್ತಿಗೆ ಬೆಂಗಳೂರಿನ ಮಾರುಕಟ್ಟೆಯಲ್ಲಿ ಅವರೆಕಾಯಿಗೆ ಮೂರು ದರ. ಸೊಗಡಿನ ಇಡೀ ಕಾಯಿಗೆ ಒಂದು, ಸುಲಿದ ಕಾಳಿಗೆ ಇನ್ನೊಂದು, ನೆನೆಸಿ ಸಿಪ್ಪೆ ತೆಗೆದ ಹಿತಕಿದ ಬೇಳೆಗೆ ಮತ್ತೊಂದು. ದರ ಏರುವುದಕ್ಕೆ ಸಿಪ್ಪೆಯ ತೂಕ ಹೋದದ್ದು ಒಂದು ಕಾರಣ. ಉಳಿದದ್ದೆಲ್ಲ ಬೆರಳಿನ ಕೂಲಿ. ನಮ್ಮ ಮನೆಯಲ್ಲಿ ಆ ಕೂಲಿಯ ಲೆಕ್ಕವನ್ನು ಯಾರೂ ಇಡಲಿಲ್ಲ. ಅಜ್ಜಿ, ಅಮ್ಮ, ಪಕ್ಕದ ಮನೆಯವರು ಜಗುಲಿಯಲ್ಲಿ ಕೂತು ಹಿತುಕುತ್ತಿದ್ದರು. ನಾವು ಮಕ್ಕಳು ಬೇಳೆಯನ್ನು ಒಬ್ಬರ ಮೇಲೊಬ್ಬರು ಚಿಮ್ಮಿಸಿ ಬೈಸಿಕೊಳ್ಳುತ್ತಿದ್ದೆವು. ಅಪ್ಪ ಉಣ್ಣುವ ಹೊತ್ತಿಗೆ ಬರುತ್ತಿದ್ದರು.

ಜನ ಹಣ್ಣು ತರಕಾರಿ ಯಾಕೆ ಕಡಿಮೆ ತಿನ್ನುತ್ತಾರೆ ಎಂದರೆ ಸಿಗುವ ಸಿದ್ಧ ಉತ್ತರ ‘ತಿಳಿವಳಿಕೆ ಸಾಲದು’ ಎಂಬುದು. ನಾನು ಇದನ್ನು ಒಪ್ಪುವುದಿಲ್ಲ. ಸೊಪ್ಪು ಒಳ್ಳೆಯದು ಎಂದು ಗೊತ್ತಿಲ್ಲದ ಒಬ್ಬರನ್ನೂ ನಾನು ಕಂಡಿಲ್ಲ. ಗೊತ್ತಿದ್ದೂ ತಿನ್ನುವುದಿಲ್ಲ, ಅಷ್ಟೆ.

ವಿಶ್ವ ಆರೋಗ್ಯ ಸಂಸ್ಥೆ ಹಣ್ಣು ತರಕಾರಿ ಸೇರಿ ಒಬ್ಬರಿಗೆ ದಿನಕ್ಕೆ ಕನಿಷ್ಠ 400 ಗ್ರಾಂ ಎನ್ನುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸೊಪ್ಪು ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ ಎಂದು ತಟ್ಟೆ ಜೋಡಿಸಿ ಕೊಟ್ಟಿದೆ. ಆಲೂಗಡ್ಡೆ ಈ ಲೆಕ್ಕಕ್ಕೆ ಬರುವುದಿಲ್ಲ. ಮಸಾಲೆದೋಸೆಯ ಪಲ್ಯವನ್ನು ತರಕಾರಿ ಎಂದುಕೊಂಡು ಸಮಾಧಾನಪಡುವ ನನ್ನಂಥವರಿಗೆ ಇದು ಕೆಟ್ಟ ಸುದ್ದಿ.

ನಾಲ್ಕು ಜನರ ಮನೆಗೆ ದಿನಕ್ಕೆ ಎರಡು ಕೆಜಿ ಆಯಿತು. ತರಕಾರಿ ಕೆಜಿಗೆ ನಲವತ್ತು, ಹಣ್ಣು ನೂರು ಎಂದು ಹಿಡಿದರೂ ದಿನಕ್ಕೆ ನೂರು ರೂಪಾಯಿ, ತಿಂಗಳಿಗೆ ಮೂರು ಸಾವಿರ. ಬಾಡಿಗೆ, ಸ್ಕೂಲ್ ಫೀಸು, ಗ್ಯಾಸು ಕಳೆದು ಉಳಿದದ್ದರಲ್ಲಿ ಇದನ್ನು ತೆಗೆಯಬೇಕು. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಮುಂದಾಳತ್ವದಲ್ಲಿ 18 ದೇಶಗಳಲ್ಲಿ ನಡೆದ ಅಧ್ಯಯನವೊಂದು 2016ರಲ್ಲಿ ಇದೇ ಲೆಕ್ಕ ಹಾಕಿತು. ಮನೆಮಂದಿಯೆಲ್ಲ ದಿನಕ್ಕೆ ಎರಡು ಪಾಲು ಹಣ್ಣು, ಮೂರು ಪಾಲು ತರಕಾರಿ ತಿನ್ನಬೇಕಾದರೆ ಬಡ ದೇಶಗಳಲ್ಲಿ ಮನೆಯ ಆದಾಯದ ಅರ್ಧಕ್ಕಿಂತ ಹೆಚ್ಚು ಹೋಗುತ್ತದೆ. ಶ್ರೀಮಂತ ದೇಶಗಳಲ್ಲಿ ಶೇ 2ರಷ್ಟೂ ಆಗುವುದಿಲ್ಲ. ಬಡ ದೇಶಗಳ ಆ ಪಟ್ಟಿಯಲ್ಲಿ ಭಾರತವೂ ಇತ್ತು.

ದರದ ಚಂಚಲತೆ ಬೇರೆ. 2023ರ ಜುಲೈನಲ್ಲಿ ಟೊಮೆಟೊ ಕೆಜಿಗೆ ನೂರು ದಾಟಿತ್ತು. ಸಾರಿಗೆ ಹುಣಸೆಹಣ್ಣೇ ಗತಿಯಾಯಿತು. ಕೋಲಾರದ ಮಾರುಕಟ್ಟೆಯಲ್ಲಿ ಬೆಲೆ ಕುಸಿದಾಗ ಅದೇ ಟೊಮೆಟೊವನ್ನು ರೈತರು ರಸ್ತೆಗೆ ಸುರಿದದ್ದನ್ನೂ ನಾವು ಕಂಡಿದ್ದೇವೆ. ಬೆಳೆಯುವವರ, ಕೊಳ್ಳುವವರ ನಡುವಿನ ಇಂಥ ಕಂದಕಕ್ಕೆ ಸೇತುವೆಯಾಗಲೆಂದೇ 1959ರಲ್ಲಿ ತೋಟಗಾರಿಕೆ ತಜ್ಞ ಎಂ.ಎಚ್. ಮರಿಗೌಡರು ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಕಟ್ಟಿದರು. ಇಂದಿನ ಹಾಪ್‌ಕಾಮ್ಸ್ ಅದೇ.

ಆದರೆ ದುಡ್ಡೊಂದೇ ಅಡ್ಡಿ ಎಂದರೆ, 2022-23ರ ಕುಟುಂಬ ವೆಚ್ಚ ಸಮೀಕ್ಷೆ ತಡೆದು ನಿಲ್ಲಿಸುತ್ತದೆ. ಹಳ್ಳಿಯ ಮನೆಗಳ ಖರ್ಚಿನಲ್ಲಿ ತರಕಾರಿಗೆ ಶೇ 5ಕ್ಕಿಂತ ತುಸು ಹೆಚ್ಚು, ಹಣ್ಣಿಗೆ ಶೇ 4ಕ್ಕಿಂತ ತುಸು ಕಡಿಮೆ. ಪಾನೀಯ, ಬಿಸ್ಕತ್ತು, ಚಿಪ್ಸ್‌ನಂಥ ಸಿದ್ಧ ತಿನಿಸಿಗೆ ಶೇ 9ಕ್ಕಿಂತ ಹೆಚ್ಚು. ಅಂದರೆ ಎರಡನ್ನೂ ಕೂಡಿಸಿದರೂ ಪೊಟ್ಟಣದ ಎದುರು ಸೋಲು. ಪೊಟ್ಟಣವನ್ನು ಹರಿದರೆ ಸಾಕು, ತೊಳೆಯಬೇಕಿಲ್ಲ. ಗುಟ್ಟು ಅಲ್ಲೇ ಇದೆ.

ದಂಟಿನ ಸೊಪ್ಪನ್ನೇ ತೆಗೆದುಕೊಳ್ಳಿ. ಬೇರು ಕೊಯ್ದು, ಹಳದಿ ಎಲೆ ಆರಿಸಿ, ಹುಳು ತಿಂದದ್ದನ್ನು ಎಸೆದು, ಮಣ್ಣು ಬಿಡುವ ತನಕ ಮೂರು ನೀರಿನಲ್ಲಿ ತೊಳೆದು, ಹೆಚ್ಚಬೇಕು. ಸಬ್ಬಸಿಗೆಯ ಕಡ್ಡಿ, ಮೆಂತ್ಯದ ಎಲೆ ಇನ್ನೂ ತಾಳ್ಮೆ ಬೇಡುತ್ತವೆ. ಇಷ್ಟು ಮಾಡಿ ಒಲೆಗಿಟ್ಟರೆ ಪಾತ್ರೆ ತುಂಬ ಇದ್ದದ್ದು ಒಂದು ಹಿಡಿಯಾಗುತ್ತದೆ. ಬಸ್ಸಾರು ಮಾಡುವ ಮನೆಯಲ್ಲಿ ಬಸಿದ ನೀರೂ ದಂಡವಾಗುವುದಿಲ್ಲ, ನಿಜ. ಆದರೆ ಬಸ್ಸಾರು ಎಂಟು ಗಂಟೆಗೆ ಬಸ್ಸು ಹಿಡಿಯುವವರ ಅಡುಗೆಯಲ್ಲ. ತಳ್ಳುಗಾಡಿಯವಳು ‘ಸೊಪ್ಪೋ’ ಎಂದು ಕೂಗುವ ಹೊತ್ತಿಗೇ ಮನೆಯವಳು ಡಬ್ಬಿ ಕಟ್ಟುತ್ತಿರುತ್ತಾಳೆ. ‘ಅಕ್ಕಾ, ಎರಡು ಕಟ್ಟು ತಗೊಳ್ಳಿ’ ಎಂದರೆ ‘ಬಿಡಿಸೋಕೆ ನೀನೇ ಬರ್ತೀಯಾ?’ ಎನ್ನುವ ಮಾತು ನಮ್ಮ ಬೀದಿಯಲ್ಲಿ ದಿನಕ್ಕೊಮ್ಮೆಯಾದರೂ ಕೇಳುತ್ತದೆ. 2019ರ ಸಮಯ ಬಳಕೆ ಸಮೀಕ್ಷೆಯಂತೆ ದೇಶದಲ್ಲಿ ಮನೆಗೆಲಸ ಮಾಡುವ ಹೆಂಗಸು ದಿನಕ್ಕೆ ಅದಕ್ಕೆ ಕೊಡುವುದು 299 ನಿಮಿಷ. ಮಾಡುವ ಗಂಡಸು 97. ತರಕಾರಿ ಹೆಚ್ಚು ತಿನ್ನಿ ಎಂಬ ಉಪದೇಶವೆಲ್ಲ ಕೊನೆಗೆ ಈ 299ಕ್ಕೇ ಬಂದು ಸೇರುತ್ತದೆ.

ಉತ್ತರ ಕರ್ನಾಟಕದವರು ಈ ಲೆಕ್ಕದಲ್ಲಿ ಜಾಣರು. ರೊಟ್ಟಿಯ ಜೊತೆ ಮೆಂತ್ಯ, ಈರುಳ್ಳಿ ತಪ್ಪಲು, ಮೂಲಂಗಿ, ಸೌತೆಕಾಯಿ ತೊಳೆದು ಹಸಿಯಾಗಿಯೇ ಇಟ್ಟುಬಿಡುತ್ತಾರೆ. ಒಲೆಯ ಕೆಲಸವಿಲ್ಲ, ಹಿಂಡಿ (ಚಟ್ನಿಪುಡಿ) ಇದ್ದರೆ ಆಯಿತು.

ಹಣ್ಣಿಗೆ ಬಿಡಿಸುವ ತೊಂದರೆ ಕಡಿಮೆ, ಆದರೆ ಅದರ ಸ್ಥಾನಮಾನವೇ ಅದಕ್ಕೆ ಶತ್ರು. ನಮ್ಮಲ್ಲಿ ಹಣ್ಣು ದೇವರಿಗೆ, ಬೀಗರಿಗೆ, ರೋಗಿಗೆ. ಆಸ್ಪತ್ರೆಯ ಗೇಟಿನ ಎದುರು ಮೂಸಂಬಿ, ಸೇಬಿನ ಗಾಡಿಗಳು ಸಾಲಾಗಿ ನಿಲ್ಲುವುದನ್ನು ನೋಡಿ. ಆರೋಗ್ಯವಾಗಿರುವವನು ಸುಮ್ಮನೆ ಸೇಬು ತಿಂದರೆ ‘ಏನು, ಹುಷಾರಿಲ್ವಾ?’ ಎನ್ನುತ್ತಾರೆ. ಅದರ ಮೇಲೆ ಶೀತ ಉಷ್ಣದ ಭಯ: ರಾತ್ರಿ ಬಾಳೆಹಣ್ಣು ಬೇಡ, ಬಸುರಿಗೆ ಪರಂಗಿ ಬೇಡ. ಬಾಣಂತಿಗಂತೂ ಎಷ್ಟೋ ಮನೆಗಳಲ್ಲಿ ತಿಂಗಳುಗಟ್ಟಲೆ ಮೆಣಸಿನ ಸಾರು, ಅನ್ನ, ತುಪ್ಪವೇ ಪಥ್ಯ. ತರಕಾರಿ ಹತ್ತಿರ ಸುಳಿಯುವಂತಿಲ್ಲ.

ಇದು ಆ ತಾಯಿಯೊಬ್ಬಳದೇ ನಷ್ಟವಲ್ಲ, ಮಗುವಿನದೂ ಹೌದು. ಫಿಲಡೆಲ್ಫಿಯಾದ ಮೊನೆಲ್ ಕೇಂದ್ರದಲ್ಲಿ ಜೂಲಿ ಮೆನೆಲ್ಲಾ ಮತ್ತು ಸಂಗಡಿಗರು ಕೆಲವು ತಾಯಂದಿರಿಗೆ ಬಸಿರಿನಲ್ಲಿ, ಇನ್ನು ಕೆಲವರಿಗೆ ಹಾಲೂಡಿಸುವಾಗ ಕ್ಯಾರೆಟ್ ರಸ ಕುಡಿಸಿದರು. 2001ರಲ್ಲಿ ಪ್ರಕಟವಾದ ಅವರ ವರದಿಯಂತೆ ಆ ಮಕ್ಕಳು ಮುಂದೆ ಕ್ಯಾರೆಟ್ ರುಚಿಗೆ ಮುಖ ಸಿಂಡರಿಸಿದ್ದು ಕಡಿಮೆ. ಉಗಿದ ತರಕಾರಿಯನ್ನೇ ಎಂಟು ಹತ್ತು ಸಲ ಮುಂದಿಟ್ಟರೆ ಬಹುಪಾಲು ಮಕ್ಕಳು ಒಗ್ಗಿಕೊಳ್ಳುತ್ತಾರೆ ಎಂದೂ ಸಂಶೋಧಕರು ಹೇಳುತ್ತಾರೆ. ನಾವು ಎರಡನೆಯ ಸಲಕ್ಕೇ ಮ್ಯಾಗಿ ಬೇಯಿಸುತ್ತೇವೆ. ಶಾಲೆಯ ಬಿಸಿಯೂಟ ಈ ವಿಷಯದಲ್ಲಿ ಮನೆಗಿಂತ ಮೇಲು: ಕಿರಿಯ ಪ್ರಾಥಮಿಕ ಮಗುವಿಗೆ ದಿನಕ್ಕೆ 50 ಗ್ರಾಂ, ಹಿರಿಯ ಪ್ರಾಥಮಿಕಕ್ಕೆ 75 ಗ್ರಾಂ ತರಕಾರಿ ಎಂಬುದು ನಿಯಮ. ಪಕ್ಕದ ಗೆಳೆಯ ಹುರುಳಿಕಾಯಿ ತಿನ್ನುತ್ತಿದ್ದರೆ ಇವನೂ ತಿನ್ನುತ್ತಾನೆ.

ಮುಂದಿನ ಸಲ ಮನೆಗೆ ಸೊಪ್ಪು ತರುವ ಗಂಡಸರಲ್ಲಿ ಒಂದು ವಿನಂತಿ: ಚೀಲವನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಹೊರಟುಬಿಡಬೇಡಿ. ಮೊರ ಕೇಳಿ ತೆಗೆದುಕೊಂಡು, ಟಿ.ವಿ. ಮುಂದೆಯೇ ಆದರೂ ಸರಿ, ಬಿಡಿಸುತ್ತ ಕೂರಿ. ಎರಡು ಕಟ್ಟಿಗೆ ಅರ್ಧ ಗಂಟೆ ಸಾಕು.