ಮೇಲೇಳದ ಗುಳ್ಳೆ

ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ಹೊಟ್ಟೆಯ ಮೇಲೆ ಸವರುವ ಜೆಲ್ಲಿನ ಬಾಟಲಿಯನ್ನು ಬೆಳಕಿಗೆ ಹಿಡಿದರೆ ಒಳಗೆ ಸಣ್ಣ ಸಣ್ಣ ಗಾಳಿಗುಳ್ಳೆಗಳು ಕಾಣುತ್ತವೆ. ಮೇಲಕ್ಕೂ ಏರುವುದಿಲ್ಲ, ಒಡೆಯುವುದೂ ಇಲ್ಲ. ಜೆಲ್ ಮಂದವಾಗಿದೆ, ಅದಕ್ಕೇ ಎಂದು ಹೇಳಿಬಿಡಬಹುದು. ಆದರೆ ಜೇನುತುಪ್ಪವೂ ಮಂದವೇ. ಅದರಲ್ಲಿ 1 ಮಿ.ಮೀ. ವ್ಯಾಸದ ಗುಳ್ಳೆ ನಿಮಿಷಕ್ಕೆ ಕೆಲವೇ ಮಿಲಿಮೀಟರ್ ಏರಿದರೂ ಏರುತ್ತಲೇ ಇರುತ್ತದೆ. ಸ್ನಿಗ್ಧತೆ ಗುಳ್ಳೆಯನ್ನು ತಡಮಾಡಿಸಬಲ್ಲದು, ನಿಲ್ಲಿಸಲಾರದು.

ನಿಲ್ಲಿಸುವ ಗುಣ ಬೇರೆ. ಇಂಥ ಜೆಲ್‌ಗಳಲ್ಲಿ ಸಾಮಾನ್ಯವಾಗಿ ಕಾರ್ಬೊಮರ್ ಎಂಬ ಪಾಲಿಮರ್ ಇರುತ್ತದೆ. ತೂಕದಲ್ಲಿ ಶೇ 1ಕ್ಕಿಂತ ಕಡಿಮೆ ಸಾಕು. ನೀರಿಗೆ ಹಾಕಿ ತುಸು ಕ್ಷಾರ ಸೇರಿಸಿದರೆ ಅದರ ಸೂಕ್ಷ್ಮ ಕಣಗಳು, ನೆನೆಹಾಕಿದ ಸಬ್ಬಕ್ಕಿಯಂತೆ, ಊದಿಕೊಂಡು ಒಂದನ್ನೊಂದು ಒತ್ತಿ ಕೂರುತ್ತವೆ. ಮೆಲ್ಲಗೆ ತಳ್ಳಿದರೆ ಜೆಲ್ ತುಸು ಬಾಗಿ ಮೊದಲಿನಂತಾಗುತ್ತದೆ. ತಳ್ಳುವಿಕೆ ಒಂದು ಮಿತಿ ದಾಟಿದಾಗಷ್ಟೇ ಕಣಗಳು ಜರುಗುತ್ತವೆ, ಜೆಲ್ ಹರಿಯುತ್ತದೆ. ಘನ, ದ್ರವ ಎಂದು ಶಾಲೆಯಲ್ಲಿ ಎಳೆದುಕೊಟ್ಟ ಗೆರೆಯನ್ನು ಇಷ್ಟು ಸಲೀಸಾಗಿ ಅತ್ತಿತ್ತ ದಾಟುವ ವಸ್ತು ನನಗಂತೂ ಬಲು ಸೊಗಸೆನಿಸುತ್ತದೆ. ಅಮೆರಿಕದ ರಸಾಯನವಿಜ್ಞಾನಿ ಯುಜೀನ್ ಬಿಂಗ್‌ಹ್ಯಾಮ್ 1916ರಲ್ಲಿ ಇಂಥ ಹರಿವನ್ನು ಲೆಕ್ಕಕ್ಕೆ ತಂದರು. ಗೋಡೆಗೆ ಬಳಿದ ಪೇಂಟ್ ಜಾರದೆ ನಿಲ್ಲುವುದೂ ಇದೇ ಗುಣದಿಂದ.

ಇನ್ನು ಗುಳ್ಳೆಯ ಬಲ. 1 ಮಿ.ಮೀ. ವ್ಯಾಸದ ಗುಳ್ಳೆ ಸರಿಸುವ ಜೆಲ್ಲಿನ ತೂಕ ಸುಮಾರು ಅರ್ಧ ಮಿಲಿಗ್ರಾಂ. ಅದನ್ನು ಮೇಲಕ್ಕೆ ದೂಡುವ ಬಲವೂ ಅಷ್ಟೇ. ಆ ಮಿತಿ ದಾಟಲು ಇದು ಎಲ್ಲಿಗೂ ಸಾಲದು. ವ್ಯಾಸ 10 ಪಟ್ಟಾದರೆ ದೂಡುವ ಬಲ 1000 ಪಟ್ಟಾಗುತ್ತದೆ, ತಡೆಯುವ ಮೇಲ್ಮೈ 100 ಪಟ್ಟು ಮಾತ್ರ. ಹಾಗಾಗಿ ದೊಡ್ಡ ಗುಳ್ಳೆ ದಾರಿ ಮಾಡಿಕೊಂಡು ಹೋಗುತ್ತದೆ, ಸಣ್ಣದು ಸಿಕ್ಕಿಬೀಳುತ್ತದೆ.

ಶಾಂಪೂವಿನಲ್ಲಾದರೆ ಇದರಿಂದ ನಷ್ಟವೇನಿಲ್ಲ. ಸ್ಕ್ಯಾನಿಂಗ್ ಜೆಲ್ ಸವರುವುದೇ ಪ್ರೋಬ್‌ಗೂ ಚರ್ಮಕ್ಕೂ ನಡುವಿನ ಗಾಳಿಯನ್ನು ಹೊರದೂಡಲು. ಗಾಳಿಗೆ ತಾಗಿದ ಅಲ್ಟ್ರಾಸೌಂಡ್ ಶೇ 99ಕ್ಕೂ ಹೆಚ್ಚು ಪಾಲು ವಾಪಸ್ಸಾಗುತ್ತದೆ, ಚಿತ್ರ ಕೆಡುತ್ತದೆ. ಆದ್ದರಿಂದ ಇಂಥ ಜೆಲ್ಲನ್ನು ನಿರ್ವಾತದಲ್ಲಿ ಕಲಸುವುದುಂಟು. ಸುತ್ತಲಿನ ಒತ್ತಡ ಎಂಟನೇ ಒಂದಕ್ಕೆ ಇಳಿದರೆ ಗುಳ್ಳೆಯ ವ್ಯಾಸ ಇಮ್ಮಡಿಯಾಗುತ್ತದೆ, ದೂಡುವ ಬಲ ಎಂಟು ಪಟ್ಟಾಗುತ್ತದೆ; ಕಲಸುವ ಅಲಗು ಜೆಲ್ಲನ್ನು ಹೇಗೂ ಹರಿಯುವ ಸ್ಥಿತಿಯಲ್ಲೇ ಇಟ್ಟಿರುತ್ತದೆ. ಒತ್ತಡವನ್ನು ಮನಬಂದಂತೆ ಇಳಿಸುವಂತಿಲ್ಲ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ವಾಯುಮಂಡಲದ ಸುಮಾರು ಮೂವತ್ತನೇ ಒಂದು ಭಾಗಕ್ಕಿಳಿದರೆ ಜೆಲ್ಲಿನಲ್ಲಿರುವ ನೀರೇ ಕುದಿದು ಹೊಸ ಗುಳ್ಳೆಗಳನ್ನು ಎಬ್ಬಿಸುತ್ತದೆ.