ಮೌಸ್ ಅಲ್ಲಾಡಿಸಿದರೆ ಕಾರ್ಡ್ ಯಾಕೆ ಸಾಯುತ್ತೆ?

ಇವತ್ತು ಒಂದೇ ಒಂದು ಬಗ್ ಬಗ್ಗೆ ಮಾತಾಡೋಣ.

ಹಳೆಯ ಬೋರ್ಡು, ಲಿನಕ್ಸ್, ಅದರಲ್ಲೊಂದು ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್. ಗಂಟೆಗೊಮ್ಮೆ ಸೆನ್ಸರ್ ರೀಡಿಂಗ್ ತಗೊಳ್ಳೋದು ಅದರ ಕೆಲಸ. ರಾತ್ರಿಯಿಡೀ ಲೋಡ್ ಟೆಸ್ಟ್ ಹಾಕಿದರೂ ಏನೂ ಆಗ್ತಿರಲಿಲ್ಲ. ಆದರೆ ಸುಮ್ಮನೆ ಬಿಟ್ಟು, ಸ್ವಲ್ಪ ಹೊತ್ತಾದ ಮೇಲೆ ಮೌಸ್ ಅಲ್ಲಾಡಿಸಿದರೆ ಕಾರ್ಡ್ ಸತ್ತುಹೋಗ್ತಿತ್ತು. ರೀಬೂಟೇ ಗತಿ. ಅಲ್ಲಿಯವರೆಗಿನ ರೀಡಿಂಗ್ ಹೋದ ಹಾಗೇ. ಆ ಡ್ರೈವರ್ ಸರಿಮಾಡೋ ಕೆಲಸ ನನಗೆ ಬಂತು.

ಕೆಲಸ ಇಲ್ಲದಾಗ ಡ್ರೈವರ್ ಕಾರ್ಡನ್ನು ಡಿ0 ಸ್ಥಿತಿಯಿಂದ ಡಿ3-ಹಾಟ್ ಸ್ಥಿತಿಗೆ ಕಳಿಸುತ್ತೆ, ಅಂದರೆ ನಿದ್ದೆಗೆ. ಈ ನಿದ್ದೆಯಲ್ಲೂ ಕಾರ್ಡಿನ ಕಾನ್ಫಿಗ್ ಸ್ಪೇಸ್ ಓದಬಹುದು. ಹಾಗಾಗಿ ಎಲ್‌ಎಸ್‌ಪಿಸಿಐ ಕೊಟ್ಟರೆ ಕಾರ್ಡ್ ಆರೋಗ್ಯವಾಗೇ ಇದೆ ಅನ್ನಿಸುತ್ತೆ. ಒಳಗಿನ ರಿಜಿಸ್ಟರ್‌ಗಳು ಮಾತ್ರ ಉತ್ತರ ಕೊಡಲ್ಲ. ಓದಲು ಹೋದರೆ ಸಾಮಾನ್ಯ ಪಿಸಿಗಳಲ್ಲಿ 32 ಬಿಟ್ಟೂ 1 ಆಗಿ ಬರುತ್ತೆ.

ಇಲ್ಲಿ ಕಾರ್ಡ್ ಮತ್ತು ಯುಎಸ್‌ಬಿ ಕಂಟ್ರೋಲರ್ ಎರಡಕ್ಕೂ ಒಂದೇ ಇಂಟರಪ್ಟ್ ಲೈನ್. ವಠಾರದಲ್ಲಿ ಎಲ್ಲ ಮನೆಗೂ ಒಂದೇ ಕಾಲಿಂಗ್ ಬೆಲ್ ಇದ್ದ ಹಾಗೆ. ಮೌಸ್ ಬೆಲ್ ಒತ್ತಿದರೆ ನಮ್ಮ ಹ್ಯಾಂಡ್ಲರ್ರೂ ಎದ್ದು ನೋಡಬೇಕು. ಅದು ಸ್ಟೇಟಸ್ ಓದುತ್ತೆ, ಎಲ್ಲ ಬಿಟ್ಟೂ 1. ಅದರಲ್ಲಿ 'ಗಂಭೀರ ದೋಷ' ಅನ್ನೋ ಬಿಟ್ಟೂ ಸೇರಿದೆಯಲ್ಲ! ತಕ್ಷಣ ರೀಸೆಟ್‌ಗೆ ಹೋಗುತ್ತೆ. ಮಲಗಿರೋ ಕಾರ್ಡ್ ಅದಕ್ಕೂ ಓಗೊಡಲ್ಲ. ಕೊನೆಗೆ 'ಹಾರ್ಡ್‌ವೇರ್ ಹೋಯ್ತು' ಅಂತ ಡ್ರೈವರ್ ಕೈಚೆಲ್ಲುತ್ತೆ. ಲೋಡ್ ಟೆಸ್ಟ್‌ನಲ್ಲಿ ಕಾರ್ಡ್ ಮಲಗೋದೇ ಇಲ್ಲ, ಬಗ್ ಸಿಗೋದು ಹೇಗೆ?

ಲ್ಯಾಪ್‌ಟಾಪ್ ಮುಚ್ಚಿದಾಗ ಇಡೀ ಸಿಸ್ಟಮ್ ಮಲಗುತ್ತಲ್ಲ, ಆಗ ಈ ತೊಂದರೆ ಇಲ್ಲ. ಕರ್ನಲ್ ಮೊದಲು ಹ್ಯಾಂಡ್ಲರ್‌ಗಳನ್ನು ನಿಲ್ಲಿಸಿ, ಆಮೇಲೆ 'ನೋ-ಐಆರ್‌ಕ್ಯೂ' ಹಂತದಲ್ಲಿ ಪಿಸಿಐ ಸಾಧನಗಳನ್ನು ಮಲಗಿಸುತ್ತೆ. ಒಂದೇ ಸಾಧನ ಮಲಗೋ ರನ್‌ಟೈಮ್ ಸಸ್ಪೆಂಡ್‌ನಲ್ಲಿ ಆ ರಕ್ಷಣೆ ಇಲ್ಲ. ಅದು ಡ್ರೈವರ್ ಬರೆಯೋರ ಜವಾಬ್ದಾರಿ.

ಎಲ್ಲ 1 ಬಂದರೆ ಬಿಟ್ಟುಬಿಡು ಅಂತ ಒಂದು ಚೆಕ್ ಸೇರಿಸಿದರೆ ಸಾಲದೇ? ನನ್ನ ಪ್ರಕಾರ ಸಾಲದು. ಕೆಲವು ಆರ್ಮ್ ಬೋರ್ಡುಗಳಲ್ಲಿ ಓದಿದ್ದಕ್ಕೇ ಬಸ್ ಎರರ್ ಬಂದು ಕರ್ನಲ್ ಬಿದ್ದುಹೋಗುತ್ತೆ. ಓದಲೇಬಾರದು. ಹ್ಯಾಂಡ್ಲರ್ ಒಳಗೇ ಕಾರ್ಡನ್ನು ಎಬ್ಬಿಸೋಣ ಅಂದರೆ, ಡಿ3-ಹಾಟ್‌ನಿಂದ ಏಳೋಕೆ 10 ಮಿಲಿಸೆಕೆಂಡ್ ಕಾಯಬೇಕು. ಇಂಟರಪ್ಟ್ ಒಳಗೆ ಅಷ್ಟು ಹೊತ್ತು ಕೂರೋ ಹಾಗಿಲ್ಲ.

ಹಾಗಾಗಿ ಮಾಡಿದ್ದಿಷ್ಟು: ಸಸ್ಪೆಂಡ್ ಕಾಲ್‌ಬ್ಯಾಕ್‌ನಲ್ಲಿ ಮೊದಲು ಕಾರ್ಡಿನ ಇಂಟರಪ್ಟ್ ಮಾಸ್ಕ್ ಮಾಡಿ, 'ಮಲಗಿದೆ' ಅನ್ನೋ ಫ್ಲಾಗ್ ಹಾಕಿ, ಆಮೇಲೆ ಸಿಂಕ್ರನೈಸ್-ಐಆರ್‌ಕ್ಯೂ ಕರೆದೆ. ಈ ಕ್ರಮ ಮುಖ್ಯ. ಫ್ಲಾಗ್ ನೋಡದೆ ಆಗಲೇ ಇನ್ನೊಂದು ಕೋರ್‌ನಲ್ಲಿ ಓಡ್ತಿರೋ ಹ್ಯಾಂಡ್ಲರ್ ಮುಗಿಯೋವರೆಗೂ ಆ ಕರೆ ಕಾಯುತ್ತೆ. ಹ್ಯಾಂಡ್ಲರ್ ಫ್ಲಾಗ್ ನೋಡಿ, 'ಇದು ನನ್ನದಲ್ಲ' ಅಂತ ವಾಪಸ್. ಏಳುವಾಗ ಕಾರ್ಡ್ ಡಿ0ಗೆ ಬಂದ ಮೇಲಷ್ಟೇ ಫ್ಲಾಗ್ ತೆಗೆದು, ನಂತರ ಮಾಸ್ಕ್ ತೆಗೆಯಬೇಕು.

ನೀವೂ ಪರೀಕ್ಷೆ ಮಾಡೋದಾದರೆ ಲೋಡ್ ಹಾಕಬೇಡಿ. ಆಟೋಸಸ್ಪೆಂಡ್ ಅವಧಿ 0 ಮಾಡಿ, ಕಾರ್ಡನ್ನು ತೆರೆದು ಮುಚ್ಚೋ ಒಂದು ಸ್ಕ್ರಿಪ್ಟ್ ಓಡಿಸಿ, ಪಕ್ಕದಲ್ಲಿ ಮೌಸ್ ಅಲ್ಲಾಡಿಸ್ತಾ ಕೂತ್ಕೊಳ್ಳಿ.