ಅಡಿಕೆ ತೋಟದ ಹುಲ್ಲು ಮತ್ತು ಮೈಲುತುತ್ತು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಹೈನುಗಾರ ಸಹೋದರಿಯರೇ,

ಕೊಳೆರೋಗಕ್ಕೆ ಬಿಡುವ ಶೇ. 1ರ ಬೋರ್ಡೋ ದ್ರಾವಣದ 100 ಲೀಟರಿನಲ್ಲಿ 1 ಕೆ.ಜಿ. ಮೈಲುತುತ್ತು ಇರುತ್ತದೆ. ಅದರಲ್ಲಿರುವುದು ತಾಮ್ರ. ಖನಿಜ ಮಿಶ್ರಣದಲ್ಲೂ ತಾಮ್ರವಿದೆ. ರಕ್ತವೃದ್ಧಿಗೆ, ದನ ಬೆದೆಗೆ ಬರಲು ಅದು ಸ್ವಲ್ಪ ಬೇಕು. ಹೆಚ್ಚಾದರೆ ಯಕೃತ್ತಿನಲ್ಲಿ ಸದ್ದಿಲ್ಲದೆ ಸೇರುತ್ತಾ ಹೋಗಿ, ಒಂದು ದಿನ ಒಮ್ಮೆಲೇ ರಕ್ತಕ್ಕೆ ಇಳಿಯುತ್ತದೆ. ಆಗ ಕಣ್ಣು ಹಳದಿಯಾಗಿ, ಮೂತ್ರ ಕೆಂಪಾಗುತ್ತದೆ. ಕರು, ಆಡುಗಳಿಗೆ ಅಪಾಯ ಹೆಚ್ಚು.

ಆದ್ದರಿಂದ ಮದ್ದು ಬಿಡುವ ಮೊದಲೇ ಮರದಡಿಯ ಹುಲ್ಲು ಕೊಯ್ದುಕೊಳ್ಳಿ. ನಂತರ ನೀಲಿ ಕಲೆ ಬಿದ್ದ ಹುಲ್ಲು ಬೇಡ. ಮಳೆಗೆ ಹೊಸದಾಗಿ ಚಿಗುರಿದ್ದನ್ನು ಕೊಡಿ. ದ್ರಾವಣದ ಡ್ರಮ್ಮನ್ನು ದನ ನೀರು ಕುಡಿಯುವಲ್ಲಿ ತೊಳೆಯಬೇಡಿ. ಖನಿಜ ಮಿಶ್ರಣ ದಿನಕ್ಕೆ 50 ಗ್ರಾಂ ಸಾಕು.

ಕೆಂಪು ಮೂತ್ರ ಉಣ್ಣೆ ಜ್ವರದಲ್ಲೂ ಬರುತ್ತದೆ. ಹಾಗಾಗಿ ತೋಟಕ್ಕೆ ಮದ್ದು ಬಿಟ್ಟ ದಿನವನ್ನು ಪಶುವೈದ್ಯರಿಗೆ ಮರೆಯದೆ ಹೇಳಿ.